ಕಂಠದ ಕೆಳಗಿನ ಕಂಠ

ಪುನೀತ್ ರಾಜ್‌ಕುಮಾರ್ ಅವರ ‘ಜೇಮ್ಸ್’ ಚಿತ್ರವನ್ನು ಕನ್ನಡಿಗರು ಎರಡು ದನಿಯಲ್ಲಿ ಕೇಳಿದ್ದಾರೆ. ಡಬ್ಬಿಂಗ್ ಮಾಡುವ ಮೊದಲೇ, 2021ರ ಅಕ್ಟೋಬರ್ 29ರಂದು, ಅಪ್ಪು ತೀರಿಕೊಂಡರು. ಮರುವರ್ಷ ಮಾರ್ಚ್ 17ರಂದು, ಅವರ ಹುಟ್ಟುಹಬ್ಬದ ದಿನ, ಚಿತ್ರ ತೆರೆಗೆ ಬಂದಾಗ ತಮ್ಮನ ತುಟಿಗೆ ಮಾತು ಕೂಡಿಸಿದವರು ಅಣ್ಣ ಶಿವರಾಜ್‌ಕುಮಾರ್. ಏಪ್ರಿಲ್‌ನಲ್ಲಿ ಅದೇ ಚಿತ್ರ ಮತ್ತೊಮ್ಮೆ ಬಂತು. ಈ ಸಲ ಕೇಳಿದ್ದು ಅಪ್ಪು ದನಿ, ಕೃತಕ ಬುದ್ಧಿಮತ್ತೆ ಮರಳಿ ಕಟ್ಟಿದ್ದು. ಎಷ್ಟೋ ಅಭಿಮಾನಿಗಳಿಗೆ ಅದರಿಂದ ಸಮಾಧಾನವಾಯಿತು. ನನಗೆ ಮಾತ್ರ ಅಣ್ಣ ಕೊಟ್ಟ ದನಿಯೇ ಹೆಚ್ಚು ಆಪ್ತವಾಗಿ ಕೇಳಿತು. ಅಪ್ಪು ಇನ್ನಿಲ್ಲ ಎಂಬುದನ್ನು ಆ ದನಿ ಮರೆಮಾಚಲು ಹೋಗಿರಲಿಲ್ಲ.

ಆಗ ಅದೊಂದು ಅಪರೂಪದ ಪ್ರಸಂಗ. ಮೂರು ವರ್ಷ ಕಳೆದು 2025ರ ಮೇ ತಿಂಗಳಲ್ಲಿ ‘ಲವ್ ಯು’ ಎಂಬ ಕನ್ನಡ ಚಿತ್ರ ಬಂತು. ನಿರ್ದೇಶಕ ನರಸಿಂಹಮೂರ್ತಿ ಬೆಂಗಳೂರಿನ ಬಾಗಲಗುಂಟೆ ಕಡೆಯ ಆಂಜನೇಯ ದೇವಸ್ಥಾನದ ಅರ್ಚಕರು. ಸಂಭಾಷಣೆ ಮತ್ತು ಸಾಹಿತ್ಯ ಅವರದು. ನಾಯಕ, ನಾಯಕಿ, ಸಂಗೀತ, ಹಾಡುವ ಕಂಠ ಎಲ್ಲವೂ ಎಐ. 95 ನಿಮಿಷದ ಚಿತ್ರ, 12 ಹಾಡು, ಖರ್ಚು ಸುಮಾರು 10 ಲಕ್ಷ ರೂಪಾಯಿ. ದೊಡ್ಡ ತಾರೆಯರ ಚಿತ್ರದಲ್ಲಿ ಒಂದೇ ಹಾಡಿಗೆ ಅದಕ್ಕಿಂತ ಹೆಚ್ಚು ಸುರಿಯುವುದುಂಟು. ಸೆನ್ಸಾರ್ ಮಂಡಳಿ ಯು/ಎ ಪ್ರಮಾಣಪತ್ರವನ್ನೂ ಕೊಟ್ಟಿತು.

ಚಿತ್ರ ಹೇಗಿದೆ ಅನ್ನುವುದು ಬೇರೆ ಮಾತು. ಹನ್ನೆರಡು ಹಾಡಿನ ರೆಕಾರ್ಡಿಂಗ್ ಅಂದರೆ ಮೊನ್ನೆ ಮೊನ್ನೆಯವರೆಗೂ ಎಷ್ಟು ಮಂದಿ ಸ್ಟುಡಿಯೊ ಮೆಟ್ಟಿಲು ಹತ್ತಬೇಕಿತ್ತು ನೋಡಿ. ಗಾಯಕ, ಗಾಯಕಿ, ಕೋರಸ್‌ನವರು, ತಬಲಾ, ಕೊಳಲು, ಗಿಟಾರ್, ಕೀಬೋರ್ಡ್ ಪ್ರೋಗ್ರಾಮರ್, ಮಿಕ್ಸಿಂಗ್ ಎಂಜಿನಿಯರ್. ಇವರೆಲ್ಲರಿಗಿಂತ ಮೊದಲು ಬಂದು, ರಾಗ ಹಿಡಿದು, ಪಲ್ಲವಿ ಚರಣಗಳನ್ನು ಒಮ್ಮೆ ಹಾಡಿಟ್ಟು ಹೋಗುವ ಟ್ರ್ಯಾಕ್ ಗಾಯಕ. ಅವನ ದನಿಯನ್ನು ಕೇಳಿ ಕಲಿತು ತಾರಾಗಾಯಕ ಹಾಡುತ್ತಾನೆ. ಆಮೇಲೆ ಟ್ರ್ಯಾಕ್ ಅಳಿಸಿಹೋಗುತ್ತದೆ. ಯಂತ್ರ ಹಾಡಬಲ್ಲದೇ ಎಂದು ಕೇಳುವ ಕಾಲ ಮುಗಿಯಿತು, ಹಾಡುತ್ತದೆ. ಈಗ ಕೇಳಬೇಕಾದ್ದು ಈ ಅಳಿಸಿಹೋಗುವ ದನಿಯ ಬಗ್ಗೆ.

ಮೂರು ಕೆಲಸ, ಒಂದೇ ಹೆಸರು

ಎಐ ಸಂಗೀತ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಮೊದಲನೆಯದು ಬಿಡಿಸುವುದು. ಜಾನ್ ಲೆನನ್ 1970ರ ದಶಕದ ಕೊನೆಗೆ ನ್ಯೂಯಾರ್ಕಿನ ಮನೆಯಲ್ಲಿ ಪಿಯಾನೊ ನುಡಿಸುತ್ತ ಕ್ಯಾಸೆಟ್ಟಿನಲ್ಲಿ ಹಾಡಿಟ್ಟಿದ್ದ ಒಂದು ಹಾಡು. 1995ರಲ್ಲಿ ಉಳಿದ ಬೀಟಲ್ಸ್ ಅದನ್ನು ಪೂರ್ತಿ ಮಾಡಲು ಕೂತು ಕೈಬಿಟ್ಟರು. ದನಿ ಪಿಯಾನೊದಲ್ಲಿ ಮುಳುಗಿತ್ತು. ಚಿತ್ರ ನಿರ್ದೇಶಕ ಪೀಟರ್ ಜಾಕ್ಸನ್ ತಂಡ ಕಟ್ಟಿದ ತಂತ್ರಾಂಶ ದನಿಯನ್ನೂ ಪಿಯಾನೊವನ್ನೂ ಬೇರೆ ಮಾಡಿಕೊಟ್ಟಿತು. 2023ರ ನವೆಂಬರ್‌ನಲ್ಲಿ ‘ನೌ ಆ್ಯಂಡ್ ದೆನ್’ ಬಿಡುಗಡೆಯಾಯಿತು, 2025ರಲ್ಲಿ ಗ್ರ್ಯಾಮಿ ಕೂಡ ಬಂತು. ಅಲ್ಲಿ ಕೇಳುವುದು ಲೆನನ್ ಹಾಡಿದ್ದನ್ನೇ, ಯಂತ್ರದ ದನಿಯನ್ನಲ್ಲ. ಇದಕ್ಕೆ ತಕರಾರು ಹೂಡುವವರು ಕಡಿಮೆ, ನನಗೂ ಇಲ್ಲ.

ಎರಡನೆಯದು ಕಂಠ ಬದಲಿಸುವುದು. 2024ರ ಜನವರಿಯಲ್ಲಿ ‘ಲಾಲ್ ಸಲಾಂ’ ತಮಿಳು ಚಿತ್ರದ ಒಂದು ಹಾಡಿಗೆ ಎ.ಆರ್. ರೆಹಮಾನ್ ತೀರಿಹೋದ ಇಬ್ಬರು ಗಾಯಕರ ದನಿ ಬಳಸಿದರು. 2022ರಲ್ಲಿ ಹೋದ ಬಂಬಾ ಬಾಕ್ಯಾ ಒಬ್ಬರು, 1998ರಲ್ಲಿ ಅಪಘಾತದಲ್ಲಿ ಹೋದ ಶಾಹುಲ್ ಹಮೀದ್ ಇನ್ನೊಬ್ಬರು. ಎರಡೂ ಮನೆಯವರ ಒಪ್ಪಿಗೆ ಪಡೆದು ಸಂಭಾವನೆ ಕೊಟ್ಟಿದ್ದೇವೆ ಎಂದು ರೆಹಮಾನ್ ತಾವೇ ತಿಳಿಸಿದರು. ಅದೇ ವರ್ಷ ಯುವನ್ ಶಂಕರ್ ರಾಜಾ, ಆಗಷ್ಟೇ ತೀರಿಕೊಂಡಿದ್ದ ಅಕ್ಕ ಭವತಾರಿಣಿಯ ದನಿಯನ್ನು ವಿಜಯ್ ಚಿತ್ರದ ಹಾಡೊಂದಕ್ಕೆ ತಂದರು. ಇಂಥ ಹಾಡು ಸಾಮಾನ್ಯವಾಗಿ ಹೇಗೆ ತಯಾರಾಗುತ್ತದೆ ಎಂಬುದು ಕೇಳುಗರಿಗೆ ಅಷ್ಟಾಗಿ ಗೊತ್ತಿಲ್ಲ. ಮೊದಲು ಬದುಕಿರುವ ಒಬ್ಬರು ಮೈಕಿನ ಮುಂದೆ ನಿಂತು ಇಡೀ ಹಾಡನ್ನು ಹಾಡಬೇಕು. ಎಲ್ಲಿ ಉಸಿರು ತೆಗೆಯಬೇಕು, ಯಾವ ಅಕ್ಷರಕ್ಕೆ ಒತ್ತು ಕೊಡಬೇಕು, ಎಲ್ಲಿ ದನಿ ಇಳಿಸಿ ಮೆತ್ತಗೆ ಹಾಡಬೇಕು, ಎಲ್ಲವೂ ಅವರದೇ. ಆಮೇಲೆ ತಂತ್ರಾಂಶ ಅವರ ದನಿಯ ಬಣ್ಣ ತೆಗೆದು ತೀರಿಹೋದವರ ದನಿಯ ಬಣ್ಣ ಹಚ್ಚುತ್ತದೆ. ಹಾಗೆ ಕೇಳಿಬರುವ ಪ್ರತಿ ಕಂಠದ ಕೆಳಗೆ ಇನ್ನೊಂದು ಕಂಠ ಇರುತ್ತದೆ. ಕ್ಯಾಸೆಟ್ ಕಾಲದ ಟ್ರ್ಯಾಕ್ ಗಾಯಕನೇ ಹೊಸ ರೂಪದಲ್ಲಿ ಬಂದಿದ್ದಾನೆ. ಆಗ ಅವನು ಹಾಡಿದ್ದು ಅಳಿಸಿಹೋಗುತ್ತಿತ್ತು. ಈಗ ಅವನ ಭಾವ, ಉಸಿರು ಎಲ್ಲ ಹಾಡಿನಲ್ಲೇ ಉಳಿಯುತ್ತವೆ, ಹೆಸರು ಮಾತ್ರ ಅಳಿಯುತ್ತದೆ.

ಮೂರನೆಯದೇ ಇವತ್ತಿನ ಗದ್ದಲಕ್ಕೆ ಕಾರಣ. ನಾಲ್ಕು ಸಾಲು ಬರೆದುಕೊಟ್ಟರೆ ವಾದ್ಯ, ಕಂಠ, ಮಿಕ್ಸಿಂಗ್ ಎಲ್ಲ ಸೇರಿ ಸಿದ್ಧ ಹಾಡು ಕೊಡುವ ಸುನೊ, ಯುಡಿಯೊ ತರಹದ ಸೇವೆಗಳು. ಕಂಪ್ಯೂಟರಿನಿಂದ ಸಂಗೀತ ಹೊಸೆಯುವುದೇನೂ ಹೊಸದಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಲೆಜಾರೆನ್ ಹಿಲ್ಲರ್ ಮತ್ತು ಲಿಯೊನಾರ್ಡ್ ಐಸಾಕ್ಸನ್ 1957ರಷ್ಟು ಹಿಂದೆಯೇ ತಂತಿವಾದ್ಯಗಳ ರಚನೆಯೊಂದನ್ನು ಕಂಪ್ಯೂಟರಿನಿಂದ ಬರೆಸಿದ್ದರು. ಆಗ ಯಂತ್ರಕ್ಕೆ ಸಂಗೀತದ ನಿಯಮಗಳನ್ನು ಹೇಳಿಕೊಡುತ್ತಿದ್ದರು. ಈಗ ನಿಯಮ ಹೇಳುವುದಿಲ್ಲ, ಹಾಡು ಕೇಳಿಸುತ್ತಾರೆ. ದನಿಯನ್ನು ಸಣ್ಣ ಸಣ್ಣ ಚೂರುಗಳ ಸಂಕೇತವಾಗಿ ಒಡೆದು, ಯಾವ ಚೂರಿನ ನಂತರ ಯಾವುದು ಬರುತ್ತದೆ ಎಂಬುದನ್ನು ಯಂತ್ರ ಅಭ್ಯಾಸ ಮಾಡುತ್ತದೆ. ಇನ್ನು ಕೆಲವು ಬರೀ ಗದ್ದಲದಿಂದ ಶುರುಮಾಡಿ ಹಂತಹಂತವಾಗಿ ನಾದವನ್ನು ಸೋಸಿ ತೆಗೆಯುತ್ತವೆ. 2023ರ ಆರಂಭದಲ್ಲಿ ಗೂಗಲ್ ಪ್ರಕಟಿಸಿದ ಮ್ಯೂಸಿಕ್‌ಎಲ್‌ಎಂ ಕಲಿತದ್ದು 2,80,000 ಗಂಟೆಯ ಸಂಗೀತದಿಂದ. ಹಗಲು ರಾತ್ರಿ ಬಿಡದೆ ಕೇಳಿದರೂ ಮನುಷ್ಯನಿಗೆ ಅದಕ್ಕೆ 32 ವರ್ಷ ಬೇಕು.

ಅಷ್ಟು ಹಾಡು ಯಾರದು?

2024ರ ಜೂನ್‌ನಲ್ಲಿ ಜಗತ್ತಿನ ಮೂರು ದೊಡ್ಡ ಸಂಗೀತ ಕಂಪನಿಗಳಾದ ಯೂನಿವರ್ಸಲ್, ಸೋನಿ, ವಾರ್ನರ್ ಸೇರಿ ಸುನೊ ಮತ್ತು ಯುಡಿಯೊ ಮೇಲೆ ಅಮೆರಿಕದಲ್ಲಿ ದಾವೆ ಹೂಡಿದವು. ನಮ್ಮ ಹಾಡುಗಳನ್ನು ಕೇಳದೆ ನಕಲು ಮಾಡಿಕೊಂಡು ಯಂತ್ರಕ್ಕೆ ಕಲಿಸಿದ್ದೀರಿ, ಒಂದೊಂದು ಹಾಡಿಗೆ 1,50,000 ಡಾಲರ್‌ವರೆಗೆ ಪರಿಹಾರ ಕೊಡಿ ಎಂಬುದು ಬೇಡಿಕೆ. ಸುನೊ ಕೊಟ್ಟ ಉತ್ತರದಲ್ಲಿ ನಿರಾಕರಣೆಯೇ ಇರಲಿಲ್ಲ. ತೆರೆದ ಅಂತರ್ಜಾಲದಲ್ಲಿ ಸಿಗುವ, ಗುಣಮಟ್ಟ ತಕ್ಕಮಟ್ಟಿಗಿರುವ ಬಹುಪಾಲು ಎಲ್ಲ ಹಾಡುಗಳಿಂದಲೂ ಕಲಿತಿದ್ದೇವೆ, ಅದು ಕಾನೂನು ಒಪ್ಪುವ ನ್ಯಾಯಯುತ ಬಳಕೆ ಎಂದಿತು.

ಆ ‘ಬಹುಪಾಲು ಎಲ್ಲ’ದಲ್ಲಿ ಕನ್ನಡವೂ ಇರಬೇಕು. ಇಲ್ಲದಿದ್ದರೆ ಕನ್ನಡದಲ್ಲಿ ಬರೆದುಕೊಟ್ಟ ಸಾಲನ್ನು ಅದು ಭಾವಗೀತೆಯ ಧಾಟಿಯಲ್ಲಿ ಹಾಡುವುದು ಹೇಗೆ? ಹಾಡು ಕೇಳಿದಾಗ ನನ್ನ ಕಿವಿಗೆ ‘ಳ’ಕಾರ ಆಗಾಗ ‘ಲ’ಕಾರವಾಗಿ ಜಾರಿತು, ದೀರ್ಘಗಳು ಅಲ್ಲಲ್ಲಿ ಮೊಟಕಾದವು. ಆದರೂ ಪಲ್ಲವಿಯಿಂದ ಚರಣಕ್ಕೆ ಹೊರಳುವ ರೀತಿ, ನಡುವೆ ಕೊಳಲು ಬರುವ ಜಾಗ, ಎಲ್ಲವೂ ನಾವು ಆಕಾಶವಾಣಿಯಲ್ಲಿ ಕೇಳಿ ಬೆಳೆದದ್ದೇ.

ದಾವೆಗಳು ತೀರ್ಪಿನವರೆಗೆ ಹೋಗುವ ಮೊದಲೇ ರಾಜಿಗಳು ಶುರುವಾದವು. 2025ರ ಅಕ್ಟೋಬರ್‌ನಲ್ಲಿ ಯೂನಿವರ್ಸಲ್ ಯುಡಿಯೊ ಜೊತೆಗೂ, ನವೆಂಬರ್‌ನಲ್ಲಿ ವಾರ್ನರ್ ಸುನೊ ಜೊತೆಗೂ ಕೈಕುಲುಕಿದವು. ಇನ್ನು ಮುಂದೆ ಪರವಾನಗಿ ಪಡೆದು ಕಲಿಸುತ್ತಾರಂತೆ, ಕಲಾವಿದರು ಒಪ್ಪಿದರೆ ಮಾತ್ರ ಅವರ ದನಿ ಬಳಸುತ್ತಾರಂತೆ. ಒಳ್ಳೆಯದೇ. ಆದರೆ ಮಾತುಕತೆಗೆ ಕೂತವರು ಕಂಪನಿಯವರು. ಹಾಡಿನಲ್ಲಿ ಪಿಟೀಲು ಹಿಡಿದವನು, ಕೋರಸ್‌ನಲ್ಲಿ ನಿಂತವಳು ಅಲ್ಲಿರಲಿಲ್ಲ. ನಮ್ಮಲ್ಲೂ ಹಳೆಯ ಕನ್ನಡ ಹಾಡುಗಳ ಧ್ವನಿಮುದ್ರಣದ ಹಕ್ಕು ಬಹುಮಟ್ಟಿಗೆ ಆಡಿಯೊ ಕಂಪನಿಗಳ ಕೈಯಲ್ಲಿದೆ. ನಾಳೆ ಅವರು ಎಐ ಕಂಪನಿಗೆ ಇಡೀ ಭಂಡಾರದ ಪರವಾನಗಿ ಕೊಟ್ಟರೆ ಆ ಹಣದಲ್ಲಿ ಹಾಡಿದವರಿಗೆ, ನುಡಿಸಿದವರಿಗೆ ಪಾಲು ಬರುತ್ತದೆಯೇ?

ಕಾನೂನಿನಲ್ಲಿ ಒಂದು ಹಿಡಿ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ, ಪ್ರದರ್ಶನವನ್ನು ವಾಣಿಜ್ಯಕ್ಕೆ ಬಳಸಿದರೆ ಗಾಯಕ ವಾದಕರಿಗೂ ರಾಯಧನ ಸಲ್ಲಬೇಕು ಎನ್ನುತ್ತದೆ. ತಮ್ಮ ಪ್ರದರ್ಶನವನ್ನು ಕೀರ್ತಿಗೆ ಕುಂದು ಬರುವಂತೆ ತಿರುಚಿದರೆ ತಡೆಯುವ ಹಕ್ಕನ್ನೂ ಕೊಡುತ್ತದೆ. ಯಂತ್ರಕ್ಕೆ ಕಲಿಸುವುದು ಈ ‘ಬಳಕೆ’ಯಲ್ಲಿ ಬರುತ್ತದೆಯೇ ಎಂಬುದು ಇತ್ಯರ್ಥವಾಗಿಲ್ಲ. ಕೇಂದ್ರ ಸರ್ಕಾರದ ಸಮಿತಿಯೊಂದು 2025ರ ಡಿಸೆಂಬರ್‌ನಲ್ಲಿ ಹೊರತಂದ ಕರಡಿನ ಸಲಹೆ ಹೀಗಿದೆ: ಎಐ ಕಂಪನಿಗಳು ಕೇಳದೆಯೇ ಕೃತಿಗಳಿಂದ ಕಲಿಸಬಹುದು, ಆದರೆ ಕಡ್ಡಾಯವಾಗಿ ರಾಯಧನ ಕಟ್ಟಬೇಕು. ಹಣ ಬರುತ್ತದೆ, ‘ಬೇಡ’ ಎನ್ನುವ ಹಕ್ಕು ಹೋಗುತ್ತದೆ. ಮಾರುಕಟ್ಟೆ ಲೆಕ್ಕದಲ್ಲಿ ಇದು ಸರಿ ಕಾಣಬಹುದು. ದನಿ ಮಾರಲು ಇಷ್ಟವಿಲ್ಲದ ಗಾಯಕಿಯ ಕಡೆಯಿಂದ ನೋಡಿದರೆ ಅನ್ಯಾಯವೇ.

ಹೆಸರಿದ್ದವರಿಗೆ ನ್ಯಾಯಾಲಯ

ಕಂಠದ ವಿಷಯಕ್ಕೆ ಬಂದರೆ ನಮ್ಮ ನ್ಯಾಯಾಲಯಗಳು ಸುಮ್ಮನೆ ಕೂತಿಲ್ಲ. 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಅರಿಜಿತ್ ಸಿಂಗ್ ಪರವಾಗಿ ಮಧ್ಯಂತರ ಆದೇಶ ಕೊಟ್ಟಿತು: ಅವರ ಒಪ್ಪಿಗೆಯಿಲ್ಲದೆ ಅವರ ದನಿಯನ್ನು ಎಐನಿಂದ ತಯಾರಿಸುವ ಸಲಕರಣೆ ಒದಗಿಸುವುದು ವ್ಯಕ್ತಿತ್ವದ ಹಕ್ಕಿನ ಉಲ್ಲಂಘನೆ. ಮರುವರ್ಷ ಆಶಾ ಭೋಸ್ಲೆ ಅವರಿಗೂ ಅದೇ ನ್ಯಾಯಾಲಯದಿಂದ ಅಂಥದೇ ರಕ್ಷಣೆ ಸಿಕ್ಕಿತು. ಅಮೆರಿಕದ ಟೆನೆಸಿ ರಾಜ್ಯ 2024ರಲ್ಲಿ ಕಂಠವನ್ನು ಕಾಯಲೆಂದೇ ಕಾಯ್ದೆ ಮಾಡಿ ಅದಕ್ಕೆ ಎಲ್ವಿಸ್ ಎಂದು ಹೆಸರಿಟ್ಟಿತು. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ, ಇರುವುದು ಈ ಬಿಡಿ ಆದೇಶಗಳೇ.

ನಮಗೆ ಹತ್ತಿರದ ಪ್ರಕರಣ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರದು. 1967ರಲ್ಲಿ ‘ನಕ್ಕರೆ ಅದೇ ಸ್ವರ್ಗ’ದಿಂದ ಕನ್ನಡಕ್ಕೆ ಬಂದು, 1981ರಲ್ಲಿ ಉಪೇಂದ್ರ ಕುಮಾರ್ ಸಂಗೀತದಲ್ಲಿ ಬೆಳಗಿನಿಂದ ರಾತ್ರಿಯೊಳಗೆ 21 ಹಾಡು ಮುಗಿಸಿದರೆಂದು ಇಂದಿಗೂ ಹೇಳುವ ಎಸ್‌ಪಿಬಿ 2020ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. 2023ರ ತೆಲುಗು ಚಿತ್ರ ‘ಕೀಡಾ ಕೋಲಾ’ದಲ್ಲಿ ಅವರ ದನಿಯನ್ನು ಎಐ ಮೂಲಕ ಬಳಸಲಾಯಿತು. ನಮ್ಮನ್ನು ಕೇಳಿಲ್ಲ ಎಂದು ಮಗ ಎಸ್.ಪಿ. ಚರಣ್ ಚಿತ್ರತಂಡಕ್ಕೆ ಲೀಗಲ್ ನೋಟಿಸ್ ಕಳಿಸಿದರು. ನೋಟಿಸ್ ಹೋದದ್ದೂ ರೆಹಮಾನ್ ಹಾಡು ಬಂದದ್ದೂ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ. ತಂತ್ರಜ್ಞಾನ ಎರಡೂ ಕಡೆ ಒಂದೇ ಜಾತಿಯದು. ಕೇಳಿದರೋ ಇಲ್ಲವೋ ಎಂಬುದೊಂದೇ ವ್ಯತ್ಯಾಸ.

ಈ ಎಲ್ಲ ಕಥೆಗಳಲ್ಲೂ ರಕ್ಷಣೆ ಕೇಳುತ್ತಿರುವುದು ಹೆಸರು ಮಾಡಿದವರು ಎಂಬುದನ್ನು ಗಮನಿಸಿ. ವ್ಯಕ್ತಿತ್ವದ ಹಕ್ಕು ನಿಂತಿರುವುದೇ ಖ್ಯಾತಿಯ ಮೇಲೆ. ಕೇಳಿದ ಕೂಡಲೇ ಜನ ಗುರುತಿಸುವ ಕಂಠಕ್ಕೆ ನ್ಯಾಯಾಲಯ ಕಾವಲು ನಿಲ್ಲುತ್ತದೆ. ದಾವಣಗೆರೆಯಿಂದ ಬಂದು ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ಟ್ರ್ಯಾಕ್ ಹಾಡುವ ಹುಡುಗಿಯ ಕಂಠವನ್ನು ಯಾರೂ ಗುರುತಿಸುವುದಿಲ್ಲ. ಅವಳು ಹಾಡಿಟ್ಟದ್ದರಿಂದ ನಾಳೆ ಒಂದು ಮಾದರಿ ತಯಾರಿಸಿ ನೂರು ಹಾಡು ಹಾಡಿಸಿದರೆ ಅದು ತನ್ನದೆಂದು ಸಾಬೀತು ಮಾಡುವ ದಾರಿಯೇ ಅವಳಿಗೆ ಇಲ್ಲ.

ಗೌಹರ್ ಜಾನ್ ನೆನಪಾಗುತ್ತಾರೆ. 1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮುಂದೆ ಹಾಡಿದ ಆಕೆ ಪ್ರತಿ ತಟ್ಟೆಯ ಕೊನೆಗೂ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳಿದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾರ ಹಾಡೆಂದು ತಿಳಿದು ಸರಿಯಾದ ಚೀಟಿ ಅಂಟಿಸಲಿ ಎಂದು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನೂರಿಪ್ಪತ್ತು ವರ್ಷದ ಕೆಳಗೆ ಒಂದು ಕಾರ್ಖಾನೆಗೆ ಬೇಕಾಗಿದ್ದ ಈ ಚೀಟಿ ಇವತ್ತಿನ ಸ್ಟ್ರೀಮಿಂಗ್ ಕಂಪನಿಗಳಿಗೆ ಬೇಡವಾಗಿದೆ.

ಅವರಿಗೆ ಬೇಕಾದ್ದು ಎಣಿಕೆ. ಫ್ರಾನ್ಸಿನ ಡೀಜರ್ ಎಂಬ ಸೇವೆ ತನಗೆ ಬರುವ ಎಐ ಹಾಡುಗಳನ್ನು ಗುರುತಿಸಿ ಲೆಕ್ಕ ಇಡುತ್ತದೆ. 2025ರ ಜನವರಿಯಲ್ಲಿ ದಿನಕ್ಕೆ 10,000 ಇದ್ದದ್ದು ನವೆಂಬರ್ ಹೊತ್ತಿಗೆ 50,000 ಮುಟ್ಟಿತ್ತು, ಬಂದ ಹಾಡುಗಳಲ್ಲಿ ಮೂರನೇ ಒಂದು ಪಾಲು. ವಿಚಿತ್ರವೆಂದರೆ ಅವನ್ನು ಕೇಳುವವರು ತೀರಾ ಕಡಿಮೆ, ನೂರಕ್ಕೆ ಒಂದರಷ್ಟೂ ಇಲ್ಲ. ಆ ಕೇಳುವಿಕೆಯಲ್ಲೂ ಹೆಚ್ಚಿನದು ಯಂತ್ರವೇ ಯಂತ್ರದ ಹಾಡನ್ನು ಕೇಳಿ ರಾಯಧನ ಎತ್ತುವ ಮೋಸ ಎಂದು ಡೀಜರ್ ಹೇಳುತ್ತದೆ. ಬಹುತೇಕ ಸ್ಟ್ರೀಮಿಂಗ್ ಸೇವೆಗಳಲ್ಲಿ ರಾಯಧನ ಒಂದೇ ಗಂಟು, ಎಲ್ಲರೂ ಅದರಿಂದಲೇ ಹಂಚಿಕೊಳ್ಳಬೇಕು. ಹೀಗಾಗಿ ಯಂತ್ರ ಮನುಷ್ಯನಿಗಿಂತ ಚೆನ್ನಾಗಿ ಹಾಡಬೇಕೆಂದೇನೂ ಇಲ್ಲ, ಹೆಚ್ಚು ಹಾಡಿದರೆ ಸಾಕು. ಹುಬ್ಬಳ್ಳಿಯಲ್ಲೋ ಉಡುಪಿಯಲ್ಲೋ ತನ್ನ ಹಾಡು ತಾನೇ ಹಾಕಿಕೊಂಡು ಒಂದಿಷ್ಟು ರೂಪಾಯಿ ಕಾಣುತ್ತಿದ್ದವನ ಪಾಲು ಅಷ್ಟರಮಟ್ಟಿಗೆ ಕರಗುತ್ತದೆ.

‘ಜೀವವಿಲ್ಲ’ ಎಂಬ ವಾದ

ಯಂತ್ರದ ಸಂಗೀತಕ್ಕೆ ಜೀವವಿಲ್ಲ, ಹಾಗಾಗಿ ಹೆದರಬೇಕಿಲ್ಲ ಎನ್ನುವವರು ನಮ್ಮಲ್ಲಿ ಬಹಳ. ನನಗೆ ಈ ವಾದದಲ್ಲಿ ನಂಬಿಕೆಯಿಲ್ಲ. 1979ರಲ್ಲಿ ಬೆಂಗಳೂರಿನಲ್ಲಿ ಜಿ. ರಾಜನಾರಾಯಣ ಎಂಬ ಎಂಜಿನಿಯರ್, ಕೊಳಲು ವಾದಕರೂ ಹೌದು, ರೇಡಲ್ ಹೆಸರಿನಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಹೊರತಂದಾಗ ಅದಕ್ಕೂ ಜೀವವಿಲ್ಲ ಎಂದವರಿದ್ದರು. ಇವತ್ತು ಮೊಬೈಲಿನ ತಂಬೂರಿ ಹಚ್ಚಿಕೊಂಡೇ ಕಛೇರಿಗೆ ಕೂರುತ್ತಾರೆ. ಕಲಿಯುವ ಮಕ್ಕಳಿಗೆ ಅದರಿಂದ ಆದ ಉಪಕಾರ ದೊಡ್ಡದು. ವೇದಿಕೆಯಲ್ಲಿ ಹಿಂದೆ ಕೂತು ತಂಬೂರಿ ಮೀಟುತ್ತ, ಗುರುವಿನ ಮನೋಧರ್ಮವನ್ನು ಹತ್ತಿರದಿಂದ ಕೇಳಿ ಬೆಳೆಯುತ್ತಿದ್ದ ಶಿಷ್ಯನ ಜಾಗ ಮಾತ್ರ ಹೋಯಿತು.

ಕರ್ನಾಟಕ ಸಂಗೀತದಲ್ಲಿ ಲೆಕ್ಕಕ್ಕೆ ಎಂದೂ ಮೈಲಿಗೆಯಿರಲಿಲ್ಲ. ತಂಜಾವೂರಿನಲ್ಲಿ ನೆಲೆಸಿದ್ದ ಕನ್ನಡ ಮನೆತನದ ವೆಂಕಟಮಖಿ 17ನೇ ಶತಮಾನದಲ್ಲಿ ಸ್ವರಸ್ಥಾನಗಳ ಜೋಡಣೆಯಿಂದ 72 ಮೇಳಗಳನ್ನು ಕಟ್ಟಿದ್ದು ಅಪ್ಪಟ ಗಣಿತ. ಅವುಗಳಲ್ಲಿ ಎಷ್ಟೋ ಮೇಳ ಆಗಿನ್ನೂ ಯಾರೂ ಹಾಡಿರದವು. ಆದರೆ ಮೇಳ ಗೊತ್ತಿದ್ದ ಮಾತ್ರಕ್ಕೆ ರಾಗ ಬರುವುದಿಲ್ಲ. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವಲ್ಲ, ರಿಷಭ ಮಧ್ಯಮಗಳ ನಡುವೆ ತೂಗುವ ಚಲನೆ. ಬಾರ್ಸಿಲೋನಾದ ಪಾಂಪೆಯು ಫಾಬ್ರಾ ವಿಶ್ವವಿದ್ಯಾಲಯದಲ್ಲಿ 2011ರಲ್ಲಿ ಶುರುವಾದ ಕಾಂಪ್‌ಮ್ಯೂಸಿಕ್ ಯೋಜನೆ ಕರ್ನಾಟಕ, ಹಿಂದೂಸ್ತಾನಿ ಸೇರಿ ಐದು ಪರಂಪರೆಗಳನ್ನು ಕಂಪ್ಯೂಟರಿನಿಂದ ಅಭ್ಯಾಸ ಮಾಡಹೊರಟಾಗ ಮುಖ್ಯ ತೊಡಕಾದದ್ದು ಇದೇ: ಪಾಶ್ಚಾತ್ಯ ಸಂಗೀತಕ್ಕೆಂದು ಮಾಡಿದ ಅಳತೆಗಳಿಗೆ ಗಮಕ ಸಿಗುವುದಿಲ್ಲ. ಇವತ್ತಿನ ಸೇವೆಗಳು ತೋಡಿ ಹಾಡಿದರೆ ನಮ್ಮ ಕಿವಿಗೆ ನಗು ಬರುವುದು ನಿಜ. ನಾಳೆಯೂ ಹಾಗೇ ಇರುತ್ತದೆ ಎಂದು ಪಣ ಕಟ್ಟಲು ನಾನು ಸಿದ್ಧನಿಲ್ಲ.

ಅಂತರ್ಜಾಲಕ್ಕೇ ಬಾರದ ಹಾಡುಗಳ ಪಾಡು ಇನ್ನೊಂದು ಬಗೆ. ಅಂಕೋಲಾ ಕಡೆಯ ಹಾಲಕ್ಕಿ ಒಕ್ಕಲಿಗರ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅಕ್ಷರ ಕಲಿಯದ ಆಕೆಯ ನೆನಪಿನಲ್ಲಿ ಸಾವಿರಾರು ಹಾಡುಗಳಿದ್ದವು. ದಾಖಲಾಗದವು ಅವರ ಜೊತೆ ಹೋದವು, ದಾಖಲಾದವು ಕಾನೂನಿನ ಕಣ್ಣಲ್ಲಿ ಯಾರ ಸ್ವತ್ತೂ ಅಲ್ಲ. ಹಾಲಕ್ಕಿ ಹೆಂಗಸರ ಸುಗ್ಗಿ ಹಾಡಿನ ಧಾಟಿಯನ್ನು ಯಂತ್ರ ಕಲಿತು ಜಾಹೀರಾತಿಗೆ ಹಾಡಿದರೆ ಆ ಕೇರಿಗೆ ಸಲ್ಲಬೇಕಾದ್ದು ಏನು ಎಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ದಾಖಲಿಸುವುದನ್ನು ನಿಲ್ಲಿಸಬೇಕೇ? ಕೂಡದು. ದಾಖಲಿಸುವ ಅಕಾಡೆಮಿ, ವಿಶ್ವವಿದ್ಯಾಲಯಗಳು ಹಾಡಿದ ಸಮುದಾಯದ ಹೆಸರಿನಲ್ಲಿ ಷರತ್ತು ಬರೆದಿಡಬೇಕು.

ಇಷ್ಟರ ನಡುವೆ ನನ್ನ ಚಿಂತೆ ದೊಡ್ಡ ಗಾಯಕರದ್ದಲ್ಲ. ಅವರಿಗೆ ವೇದಿಕೆಯಿದೆ, ವಕೀಲರಿದ್ದಾರೆ, ಕೇಳುಗರ ಪ್ರೀತಿಯಿದೆ. ಕೀಬೋರ್ಡ್ ಬಂದಾಗ ಮದ್ರಾಸಿನ ಸ್ಟುಡಿಯೊಗಳಲ್ಲಿ ಸಾಲಾಗಿ ಕೂರುತ್ತಿದ್ದ ಪಿಟೀಲಿನವರು ಮನೆಗೆ ಹೋದರು, ತಾರಾಗಾಯಕರಿಗೆ ಏನೂ ಆಗಲಿಲ್ಲ. ಈ ಸಲವೂ ಹೊಡೆತ ಬೀಳುವುದು ಕೆಳಗಿನವರಿಗೇ: ಟ್ರ್ಯಾಕ್, ಕೋರಸ್, ಜಾಹೀರಾತಿನ ಜಿಂಗಲ್, ಧಾರಾವಾಹಿಯ ಶೀರ್ಷಿಕೆ ಗೀತೆ, ಚುನಾವಣೆಯ ಪ್ರಚಾರದ ಹಾಡು. ಇವನ್ನೆಲ್ಲ ಯಾರೂ ಕಲೆ ಎಂದು ಕರೆಯುವುದಿಲ್ಲ. ಆದರೆ ಹೊಸ ಗಾಯಕ ಮೈಕಿನ ಮುಂದೆ ಉಸಿರು ಹಿಡಿಯಲು, ಹೆಡ್‌ಫೋನಿನಲ್ಲಿ ತನ್ನದೇ ಅಪಸ್ವರ ಕೇಳಿ ತಿದ್ದಿಕೊಳ್ಳಲು ಕಲಿಯುವುದು ಇಲ್ಲೇ. ಈ ಕೆಲಸ ಹೋದರೆ ಬಾಡಿಗೆ ಕಟ್ಟುವ ಹಣದ ಜೊತೆ ಮುಂದಿನ ಇಪ್ಪತ್ತು ವರ್ಷದ ಗಾಯಕರೂ ಹೋಗುತ್ತಾರೆ. ಗಣೇಶೋತ್ಸವದ ಆರ್ಕೆಸ್ಟ್ರಾ, ಜಾತ್ರೆ, ಮದುವೆಯ ರಿಸೆಪ್ಷನ್ ಇವೆಯಲ್ಲ ಎನ್ನಬಹುದು. ಇವೆ, ಇರುತ್ತವೆ, ಜನ ಎದುರಿಗೆ ನಿಂತು ಹಾಡುವವನನ್ನು ಬಿಟ್ಟುಕೊಡುವುದಿಲ್ಲ. ಸ್ಟುಡಿಯೊ ಕಲಿಸುವುದನ್ನು ಮಾತ್ರ ಅವು ಕಲಿಸಲಾರವು.

ಎಐ ಬಳಸಬೇಡಿ ಎಂದು ನಿರ್ಮಾಪಕರಿಗೆ ಹೇಳಿ ಫಲವಿಲ್ಲ. ಬಳಸುತ್ತಾರೆ, ಸಣ್ಣ ಬಜೆಟ್ಟಿನವರು ಇನ್ನೂ ಹೆಚ್ಚು. ಕೇಳಬೇಕಾದ್ದು ಬೇರೆ. ಹಾಡಿನಲ್ಲಿ ಯಂತ್ರದ ಕಂಠವಿದ್ದರೆ ಟೈಟಲ್ ಕಾರ್ಡಿನಲ್ಲಿ ಹಾಗೆಂದು ಬರೆಯಿರಿ. ತೀರಿಹೋದವರ ಕಂಠವಾದರೆ ಮನೆಯವರ ಒಪ್ಪಿಗೆ ಪಡೆದ ವಿಷಯವನ್ನೂ, ಅದರ ಕೆಳಗೆ ಹಾಡಿದ ಜೀವಂತ ಗಾಯಕರ ಹೆಸರನ್ನೂ ಹಾಕಿ. ಚಲನಚಿತ್ರ ವಾಣಿಜ್ಯ ಮಂಡಳಿ ಮನಸ್ಸು ಮಾಡಿದರೆ ಇದಕ್ಕೆ ಕಾಯ್ದೆಗಾಗಿ ಕಾಯಬೇಕಿಲ್ಲ, ಒಂದು ಸುತ್ತೋಲೆ ಸಾಕು. ಟ್ರ್ಯಾಕ್ ಹಾಡಲು ಕರೆ ಬಂದ ಹುಡುಗ ಹುಡುಗಿಯರಿಗೂ ಒಂದು ಮಾತು: ನಿಮ್ಮ ದನಿಯನ್ನು ಈ ಹಾಡಿಗಷ್ಟೇ ಬಳಸುತ್ತೇವೆ, ಯಂತ್ರಕ್ಕೆ ಕಲಿಸುವುದಿಲ್ಲ ಎಂದು ಮೈಕಿನ ಮುಂದೆ ನಿಲ್ಲುವ ಮೊದಲೇ ಬರೆಸಿಕೊಳ್ಳಿ. ಕಲಿಸುವುದಾದರೆ ಅದಕ್ಕೆ ಬೇರೆ ಸಂಭಾವನೆ ಕೇಳಿ.